ಹಟವಲ್ಲ, ಆಲಸ್ಯವೂ ಅಲ್ಲ

ಸಂಕ್ರಮಣದ ದಿನ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜನರು ಕುಟುಂಬಸಹಿತರಾಗಿ ಹೋಗುವರು. ಡೊಳ್ಳಿನ ನಾದ, ತೂರುವ ಭಂಡಾರ, ಜನರ ನೂಕುನುಗ್ಗಲು ಇವೆಲ್ಲ ನಮಗೆ ಉತ್ಸಾಹವನ್ನು ತರುವವು. ಆದರೆ ಆಟಿಸಂ ಎಂಬ ಸ್ಥಿತಿಯುಳ್ಳ ಹದಿನೈದರ ಹುಡುಗನಿಗೆ ಅವೇ ತಾಳಲಾರದ ಹೊರೆಯಾಗಬಲ್ಲವು. ಅವನು ಕಿವಿ ಮುಚ್ಚಿಕೊಂಡು ಚೀರಿದರೆ, ನೆಲಕ್ಕೆ ಬಿದ್ದು ತಲೆ ಬಡಿದುಕೊಂಡರೆ, ನೆರೆದವರಲ್ಲಿ ಕೆಲವರು ಹಟಮಾರಿ ಎನ್ನುವರು. ಕೆಲವರು ಗಾಳಿ ಸೋಕಿದೆ ಎನ್ನುವರು. ಎರಡೂ ತಪ್ಪು ತಿಳುವಳಿಕೆಗಳೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

1943ರಲ್ಲಿ ಅಮೇರಿಕೆಯ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದರು. ಮುಂದೆ ಕೆಲವು ಕಾಲ ತಾಯಂದಿರ ಮೇಲೆ ಹೊರಿಸಲಾದ ಆರೋಪವು ಸಂಶೋಧನೆಯಿಂದ ಸುಳ್ಳಾಯಿತು. ಇದು ಮೆದುಳಿನ ಬೆಳವಣಿಗೆಯಲ್ಲಿಯ ಭೇದವೇ ಹೊರತು ಯಾರ ದೋಷವೂ ಅಲ್ಲ. ಹಟಕ್ಕೆ ಒಂದು ಬಯಕೆಯಿರುವದು. ಅದು ಕೈಗೂಡಿದೊಡನೆ ಹಟ ಇಳಿಯುವದು. ಇದಾದರೋ ಕೆರೆ ತುಂಬಿ ಕೋಡಿ ಬಿದ್ದಂತೆ. ಬೈದರೆ ನೀರು ನಿಲ್ಲುವದೆ?

ಆ ಹೊತ್ತಿನಲ್ಲಿ ಹಿರಿಯರು ಮಾಡತಕ್ಕದ್ದು ಬಹಳವಿಲ್ಲ. ಗುಂಪನ್ನು ಚದುರಿಸಬೇಕು, ಮಗುವನ್ನು ನೆರಳಿಗೆ, ನಿಶ್ಶಬ್ದಕ್ಕೆ ಕರೆದೊಯ್ಯಬೇಕು, ಪೆಟ್ಟಾಗುವ ವಸ್ತುಗಳನ್ನು ಸರಿಸಬೇಕು, ಮಾತು ಕಡಿಮೆ ಮಾಡಬೇಕು. ಪ್ರಶ್ನೆ ಬೇಡ, ಬುದ್ಧಿವಾದ ಬೇಡ. ಅಪಾಯವಿದ್ದ ಹೊರತು ಹಿಡಿದೆಳೆಯಲಾಗದು. ಕಟ್ಟಿಹಾಕುವದಂತೂ ಸರ್ವಥಾ ಸಲ್ಲದು.

ಬಿರುಗಾಳಿ ಅಡಗಿದ ಬಳಿಕ ಬರುವ ಬಳಲಿಕೆಯನ್ನು ನಾವು ಇನ್ನೂ ಕಡಿಮೆ ಅರಿತಿದ್ದೇವೆ. ಕೆಲವರಿಗೆ ಕೆಲವು ಗಂಟೆ, ಕೆಲವರಿಗೆ ಮರುದಿನವೂ ಮಾತೇ ಹೊರಡದು. ಆಗ ನೀರು, ರುಚಿಸುವ ತಿನಿಸು, ಮಬ್ಬು ಬೆಳಕಿನ ಕೋಣೆ, ನಿದ್ರೆ ಇವಿಷ್ಟೇ ಔಷಧ. ಅದನ್ನು ಆಲಸ್ಯವೆಂದು ಬಗೆದು ಪಾಠಕ್ಕೆ ಎಬ್ಬಿಸಿದರೆ ಮತ್ತೊಂದು ಸ್ಫೋಟಕ್ಕೆ ದಾರಿಯಾಗುವದು. ಮಗು ಚೇತರಿಸಿಕೊಂಡ ಮೇಲೆ, ಮೊದಲು ಏನು ನಡೆದಿತ್ತೆಂಬುದನ್ನು ಬರೆದಿಡುವದು ಲೇಸು: ಸದ್ದೆ, ಸೆಕೆಯೆ, ದಿನಚರಿಯ ಬದಲಾವಣೆಯೆ? ಹೇಳಿಕೊಳ್ಳಲಾಗದ ಹಲ್ಲುನೋವು, ಹೊಟ್ಟೆನೋವುಗಳೂ ಕಾರಣವಾಗಬಹುದಾದ್ದರಿಂದ ವೈದ್ಯರಿಗೆ ತೋರಿಸಬೇಕು. ರಾತ್ರಿಯೆಲ್ಲ ಎಚ್ಚರಿದ್ದ ತಾಯಿಗೂ ವಿಶ್ರಾಂತಿ ಬೇಕು. ಆ ಭಾರವನ್ನು ಬಂಧುಗಳು ಹಂಚಿಕೊಳ್ಳಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18ರ ವಯಸ್ಸಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಅದು ಕೊಟ್ಟಿದೆ. ಆದರೆ ಕಾಯಿದೆಯು ಶಾಲೆಯ ಬಾಗಿಲು ತೆರೆಯಬಲ್ಲದು. ಒಳಗಿನ ಗದ್ದಲವನ್ನು ತಗ್ಗಿಸಲಾರದು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಪ್ರತಿ ಪ್ರೌಢಶಾಲೆಯಲ್ಲಿ ಇಂಥ ಮಗುವಿಗೊಂದು ಶಾಂತವಾದ ಕೋಣೆಯನ್ನೂ, ಈ ಸ್ಥಿತಿಯನ್ನು ಬಲ್ಲ ಒಬ್ಬ ಶಿಕ್ಷಕರನ್ನೂ ಒದಗಿಸಬೇಕೆಂದು ನಾವು ಅಧಿಕಾರಿಗಳನ್ನು ಒತ್ತಾಯಪಡಿಸುತ್ತೇವೆ. ಅದು ಆಗುವ ತನಕ ಸುಮ್ಮನಿರಬೇಕಾಗಿಲ್ಲ. ಮುಂದಿನ ಜಾತ್ರೆಯಲ್ಲಿ ಚೀರುವ ಮಗುವೊಂದು ಕಂಡರೆ ಸುತ್ತುಗಟ್ಟಿ ನೋಡದೆ ದಾರಿ ಬಿಡುವದು ವಾಚಕರ ಕೈಯಲ್ಲೇ ಇದೆ.