‘ಬೋರ್ಡ್ ಹೋಗಿದೆ’ ಎನ್ನುವ ಮುನ್ನ

ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯ ಕಂಪ್ಯೂಟರು ಕೆಡುವುದಕ್ಕೂ ಕಾಲವೆಂಬುದಿದೆ. ಪತ್ತನಾಜೆಯ ಆಸುಪಾಸಿನ ಗುಡುಗು ಮಳೆ, ಆಟಿಯ ಬಿಡದ ಜಡಿಮಳೆ, ದೀಪಾವಳಿ ಹೊತ್ತಿನ ಸಂಜೆ ಸಿಡಿಲು ಯಂತ್ರವನ್ನು ಬೇರೆ ಬೇರೆ ದಾರಿಯಲ್ಲಿ ಕೆಡಿಸುತ್ತವೆ. ಆದರೆ ಬಟನ್ ಒತ್ತಿದರೂ ಅದು ಏಳದಿದ್ದಾಗ ಸಾಮಾನ್ಯವಾಗಿ ಸಿಗುವ ತೀರ್ಪು ಒಂದೇ: ‘ಬೋರ್ಡ್ ಹೋಗಿದೆ.’ ಕೊನೆಗೆ ಬರಬೇಕಾದ ಮಾತು ಮೊದಲೇ ಬಂದುಬಿಡುತ್ತದೆ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ಸನ್ನು ಬಿಡಿಸಿ ಪರೀಕ್ಷಿಸಬಹುದು, ರ‍್ಯಾಮನ್ನು ಅದೇ ಬಗೆಯ ಇನ್ನೊಂದು ಯಂತ್ರಕ್ಕೆ ಹಾಕಿ ನೋಡಬಹುದು. ಮದರ್‌ಬೋರ್ಡನ್ನು ಮಾತ್ರ ಮನೆಯಲ್ಲಿ ನೇರವಾಗಿ ಪರೀಕ್ಷಿಸುವ ದಾರಿಯಿಲ್ಲ. ಅದಕ್ಕೆ ಜೋಡಿಸಿದ್ದೆಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಅದರ ಮೇಲೆ ತಪ್ಪು ಹೊರಿಸಲು ಸಾಧ್ಯ.

ಕಂಪ್ಯೂಟರು ಏಳುವುದಕ್ಕೆ ಒಂದು ಕ್ರಮವಿದೆ. ಗೋಡೆಯ ಸ್ವಿಚ್ ಹಾಕಿದೊಡನೆ ಎಸ್‌ಎಂಪಿಎಸ್ಸಿನ ನೇರಳೆ ತಂತಿಯಲ್ಲಿ 5 ವೋಲ್ಟ್ ಬಂದು ಕಾಯುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡು ಹಸಿರು ತಂತಿಯ ಮೂಲಕ ಸನ್ನೆ ಕೊಡುತ್ತದೆ. ಆಗ 12, 5 ಮತ್ತು 3.3 ವೋಲ್ಟಿನ ಸಾಲುಗಳು ಜೀವ ತಳೆಯುತ್ತವೆ. ಅವು ಸ್ಥಿರವಾದ ಮೇಲೆ, ಅರೆ ಸೆಕೆಂಡಿನೊಳಗೆ, ಬೂದು ತಂತಿಯಲ್ಲಿ ‘ಎಲ್ಲ ಸರಿ’ ಎಂಬ ಸಂಕೇತ ಹೋಗುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕೆಲಸ ಶುರುಮಾಡುವುದೇ ಇಲ್ಲ. ಆಮೇಲೆ ಮೆಮೊರಿಯ ತಪಾಸಣೆ, ಪರದೆ, ಕೊನೆಗೆ ಡಿಸ್ಕ್. ಹಾಗಾಗಿ ಫ್ಯಾನ್ ತಿರುಗದಿರುವುದು, ಒಂದು ಸುತ್ತು ತಿರುಗಿ ನಿಲ್ಲುವುದು, ತಿರುಗುತ್ತಲೇ ಇದ್ದರೂ ಡಿಸ್ಪ್ಲೇ ಬಾರದಿರುವುದು ಮೂರು ಬೇರೆ ಕಾಯಿಲೆಗಳು.

ಫ್ಯಾನ್ ತಿರುಗದಿದ್ದರೆ ಗೋಡೆಯ ಸಾಕೆಟ್ಟಿನಿಂದಲೇ ಹುಡುಕಲು ಶುರುಮಾಡಬೇಕು. ಮುಂದಿನ ಬಟನ್ ತುಕ್ಕು ಹಿಡಿದು ಕೂತಿರಬಹುದು: ಅದರ ವೈರನ್ನು ಬೋರ್ಡಿನಿಂದ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ತಾಗಿಸಿದಾಗ ಯಂತ್ರ ಎದ್ದರೆ, ಕೆಟ್ಟದ್ದು ಬಟನ್ ಮಾತ್ರ. ಏಳದಿದ್ದರೆ ಎಸ್‌ಎಂಪಿಎಸ್ಸಿನ ಸರದಿ. ಬೋರ್ಡಿನಿಂದ ಬಿಡಿಸಿ, ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿದರೆ ಸಾಮಾನ್ಯವಾಗಿ ಅದರ ಫ್ಯಾನ್ ತಿರುಗಬೇಕು. ತಿರುಗಿದ ಮಾತ್ರಕ್ಕೆ ಅದು ಗಟ್ಟಿಯಾಗಿದೆ ಎನ್ನಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಬರಿಗೈಯಲ್ಲಿ ಚುರುಕಾಗಿ ನಡೆಯುವವನು ಅಡಿಕೆ ಗೋಣಿ ಹೊತ್ತಾಗ ಕುಸಿಯಬಹುದು. ವಯಸ್ಸಾದ ಕೆಪಾಸಿಟರುಗಳೂ ಹಾಗೆಯೇ. ಯಂತ್ರಕ್ಕೆ ಜೋಡಿಸಿದಾಗ ಹಳದಿ ತಂತಿಯಲ್ಲಿ ಮಲ್ಟಿಮೀಟರು 11.4ರಿಂದ 12.6 ವೋಲ್ಟಿನೊಳಗೆ ತೋರಿಸಬೇಕು. ಅದಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ಸನ್ನೇ ಬದಲಿಸಿ ನೋಡಬೇಕು. ಅದರ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು, ಅದು ಪ್ರಾಣಕ್ಕೇ ಅಪಾಯ.

ಫ್ಯಾನ್ ತಿರುಗಿಯೂ ಡಿಸ್ಪ್ಲೇ ಬಾರದಿದ್ದರೆ, ಮಳೆಗಾಲದಲ್ಲಿ ನಾನು ಮೊದಲು ಅನುಮಾನಿಸುವುದು ತೇವವನ್ನು. ಧೂಳು ನೀರನ್ನು ಹೀರುತ್ತದೆ. ಒದ್ದೆ ಧೂಳು ಹರಿಯಬಾರದ ಕಡೆ ಕರೆಂಟು ಹರಿಸುತ್ತದೆ, ಲೋಹದ ಸಂಪರ್ಕಗಳನ್ನು ಮಂಕಾಗಿಸುತ್ತದೆ. ದಿನವೂ ಓಡುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಹಾಳಾದೀತೆಂದು ಬಟ್ಟೆ ಹೊದಿಸಿ ಆಟಿಯಿಡೀ ಮುಟ್ಟದೆ ಇಟ್ಟದ್ದಕ್ಕೇ ತೇವದ ಕಾಟ ಹೆಚ್ಚು. ಪ್ಲಗ್ ಕಿತ್ತು, ಕೈಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ತಾಗಿಸಿ, ರ‍್ಯಾಮ್ ಹೊರತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಬೇಕು. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರು ಕಂಡರೆ ಮಾತ್ರ ಬೋರ್ಡಿನ ಮೇಲಿನ ಸಂಶಯಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು.

ಸಿಡಿಲು ಬಡಿದರೆ ಬೋರ್ಡ್ ಹೋಗುವುದು ಸಹಜವಲ್ಲವೇ ಎಂದು ಕೇಳಬಹುದು. ಹೌದು, ಹೋಗುತ್ತದೆ. ಆದರೆ ಸಿಡಿಲು ಯಾವ ದಾರಿಯಲ್ಲಿ ಬಂತು ಎಂಬುದು ಮುಖ್ಯ. ಕರೆಂಟಿನ ದಾರಿಯಲ್ಲಿ ಬಂದರೆ ಮೊದಲ ಪೆಟ್ಟು ಎಸ್‌ಎಂಪಿಎಸ್ಸಿಗೆ. ಎಷ್ಟೋ ಸಲ ಅದೊಂದೇ ಸತ್ತು ಉಳಿದದ್ದು ಬದುಕಿರುತ್ತದೆ. ತಾಮ್ರದ ಟೆಲಿಫೋನ್ ತಂತಿಯಲ್ಲಿ ಬಂದರೆ ಮೋಡೆಮ್, ಅಲ್ಲಿಂದ ಲ್ಯಾನ್ ಕೇಬಲಿನ ಮೂಲಕ ನೇರ ಬೋರ್ಡಿಗೆ. ಆ ದಾರಿಗೆ ಪ್ಲಗ್ ಕಿತ್ತಿಟ್ಟರೂ ತಡೆಯಿಲ್ಲ. ಸ್ಪೈಕ್ ಗಾರ್ಡಿನ ಮೇಲಿನ ಭರವಸೆಯೂ ಅರ್ಧ ಮಾತ್ರ, ಏಕೆಂದರೆ ಅದು ಹೆಚ್ಚುವರಿ ವೋಲ್ಟೇಜನ್ನು ಭೂಮಿಗೆ ಇಳಿಸಲು ಅರ್ಥಿಂಗ್ ಬೇಕು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಮಳೆಗೂ ಮುಂಚೆ ಬರುವ ಸಿಡಿಲು ಎರಗುವುದು ಅದೇ ಹೊತ್ತಿಗೆ.

ಇಷ್ಟೆಲ್ಲ ಯಾಕೆ, ಅಂಗಡಿಗೆ ಕೊಂಡೊಯ್ದರೆ ಸಾಲದೇ? ಅಂಗಡಿಯಲ್ಲಿ ಇನ್ನೊಂದು ಎಸ್‌ಎಂಪಿಎಸ್, ಇನ್ನೊಂದು ರ‍್ಯಾಮ್ ಇರುತ್ತದೆ. ಬದಲಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಆದರೆ ಮನೆಯಲ್ಲಿ ಏಳದ ಯಂತ್ರ ಅಂಗಡಿಯಲ್ಲಿ ಎದ್ದುಬಿಡುವುದೂ ಉಂಟು. ದಾರಿಯ ಕುಲುಕಾಟಕ್ಕೆ ರ‍್ಯಾಮ್ ಸರಿಯಾಗಿ ಕೂತಿರಬಹುದು. ಇಲ್ಲವೇ ದೋಷ ಮನೆಯ ಲೈನಿನಲ್ಲಿಯೇ ಇರಬಹುದು: ಬೇಸಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಇಳಿದಾಗ ಬಡಕಲು ಎಸ್‌ಎಂಪಿಎಸ್ ಕೈಚೆಲ್ಲುತ್ತದೆ. ಇದನ್ನು ಅಂಗಡಿಯವರು ಕಾಣಲಾರರು. ಕೆಟ್ಟ ಹೊತ್ತು, ಫ್ಯಾನಿನ ನಡೆ, ಬೀಪ್ ಸದ್ದಿನ ಎಣಿಕೆ, ಇವನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಬೇಕಾದವರು ಮನೆಯವರೇ. ಇನ್ನೂ ಒಂದು ಸಂಗತಿ. ಏಳುವ ಕ್ರಮದಲ್ಲಿ ಡಿಸ್ಕಿನ ಪಾಳಿ ಬರುವುದು ಕಟ್ಟಕಡೆಗೆ, ಆದ್ದರಿಂದ ಡಿಸ್ಪ್ಲೇ ಬಾರದ ಯಂತ್ರದಲ್ಲಿ ಮಕ್ಕಳ ಫೋಟೋ, ತೋಟದ ಲೆಕ್ಕ ಎಲ್ಲ ಹಾಗೆಯೇ ಉಳಿದಿರುವ ಸಾಧ್ಯತೆ ಹೆಚ್ಚು. ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನೋಡಲೇಬೇಕು.