ಹೊಸ ಊರು, ಹೊಸ ಶಾಲೆ: ಮಗಳು ಮಾತು ಬಿಟ್ಟರೆ...

ಹತ್ತಿ ಬಿಡಿಸೋದು, ತೊಗರಿ ರಾಶಿ ಮಾಡೋದು ಮುಗೀತಂದ್ರೆ ಯಾದಗಿರಿ, ಶಹಾಪುರ, ಸುರಪುರದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳ ಸಾಲು. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್... ಗುಳೆ ಹೊರಟ ಕುಟುಂಬಕ್ಕೆ ಕಟ್ಟಡದ ಕೆಲಸ ಎಲ್ಲಿದೆಯೋ ಅಲ್ಲೇ ಊರು. ಹಾಸಿಗೆ, ಪಾತ್ರೆ, ಜೋಳದ ಚೀಲ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಳ್ಳುತ್ತಾರೆ. ಆದರೆ ಏಳನೇ, ಎಂಟನೇ ಕ್ಲಾಸಿನಲ್ಲಿರೋ ಮಗಳ ಓದಿನ ಗಂಟು ಕಟ್ಟೋರು ಯಾರು?

ಯುದ್ಧ, ಗಲಭೆಗೆ ಹೆದರಿ ದೇಶ ಬಿಟ್ಟವರನ್ನು ನಿರಾಶ್ರಿತರು ಅಂತೀವಿ. ಗುಳೆ ಹೋಗುವವರು ಆ ಲೆಕ್ಕಕ್ಕೆ ಬರೋದಿಲ್ಲ, ನಿಜ. ಆದರೆ ಹರೆಯದ ಮಕ್ಕಳ ಪಾಡು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವರ್ಷದ ನಡುವೆ ಹೊಸ ಶಾಲೆ, ಅರ್ಥವಾಗದ ಮಾತು, ಗೆಳತಿಯರಿಲ್ಲದ ಬೆಂಚು. ಜಗತ್ತಿನಾದ್ಯಂತ ನಿರಾಶ್ರಿತ ಮಕ್ಕಳು ಪ್ರಾಥಮಿಕ ಶಾಲೆಗೆ ಸೇರುವಷ್ಟು ಪ್ರಮಾಣದಲ್ಲಿ ಪ್ರೌಢಶಾಲೆಗೆ ಸೇರುವುದಿಲ್ಲ. ಸಣ್ಣ ಮಕ್ಕಳು ಆಟದಲ್ಲೇ ಹೊಸ ಭಾಷೆ ಕಲಿತುಬಿಡ್ತಾರೆ. ಹದಿಮೂರರ ಹುಡುಗಿಗೆ ನಾಚಿಕೆ ಅಡ್ಡ ಬರುತ್ತೆ.

ನಮ್ಮ ಭಾಗದ ಹುಡುಗಿ ಬೆಂಗಳೂರಿನ ಕ್ಲಾಸಿನಲ್ಲಿ "ಒಲ್ಲೆ", "ಹಂಗ್ಯಾಕ್ರಿ" ಅಂದರೆ ಸಾಕು, ಹಿಂದಿನ ಬೆಂಚಿನಿಂದ ನಗು! ತಾಂಡಾದ ಹುಡುಗಿಗಂತೂ ಮನೆಯಲ್ಲಿ ಲಂಬಾಣಿ, ಊರಲ್ಲಿ ಒಂದು ಕನ್ನಡ, ಇಲ್ಲಿ ಇನ್ನೊಂದು ಕನ್ನಡ. ಎರಡು ಸಲ ನಕ್ಕರೆ ಮೂರನೇ ಸಲ ಅವಳು ಬಾಯೇ ತೆರೆಯುವುದಿಲ್ಲ. ಆಮೇಲೆ ಹೊಟ್ಟೆನೋವಿನ ನೆಪ, ತಮ್ಮನನ್ನು ನೋಡಿಕೊಳ್ಳೋ ನೆಪ. ಶಾಲೆ ಬಿಟ್ಟ ಹುಡುಗಿಗೆ ಮನೆಯವರು ಗಂಡು ಹುಡುಕೋಕೆ ಹೆಚ್ಚು ದಿನ ಬೇಕಿಲ್ಲ.

ಮನೆಮಾತು ಬಿಡಿಸಬೇಡಿ

ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಮನೆಯಲ್ಲಿ ಬಂಗಾಳಿ, ಪೇಟೆಯಲ್ಲಿ ಕನ್ನಡ! ಬೈಲುಕುಪ್ಪೆ, ಮುಂಡಗೋಡಕ್ಕೆ ಬಂದ ಟಿಬೆಟನ್ನರನ್ನೇ ನೋಡಿ. ಅವರ ಮಕ್ಕಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತ ಶುರುಮಾಡಿತು. ಆ ಶಾಲೆಗಳಲ್ಲಿ ಹೊಸ ಭಾಷೆಗಳ ಜೊತೆ ಅವರ ಭಾಷೆಯೂ ಉಳಿಯಿತು. ಹೊಸದನ್ನು ಕಲಿಯೋಕೆ ಹಳೆಯದನ್ನು ಎಸೆಯಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? "ನಮ್ಮ ಮಾತು ತಪ್ಪಲ್ಲವ್ವ, ಅವರ ಮಾತನ್ನೂ ಕಲಿ" ಅಂತ ಮಗಳಿಗೆ ಹೇಳಿ. ಅಷ್ಟೇ ಸಾಕು, ಅರ್ಧ ಧೈರ್ಯ ಬರುತ್ತೆ.

ಹೊರಡುವ ಮುಂಚೆ

* ಶಾಲೆಯಲ್ಲಿ ಹೇಳಿ ವರ್ಗಾವಣೆ ಪತ್ರ, ಅಂಕಪಟ್ಟಿ ತಗೊಳ್ಳಿ. ಆಧಾರ್ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಡಿ.

* ಮಗಳು ಒಂಬತ್ತು, ಹತ್ತರಲ್ಲಿದ್ದರೆ ಊರಲ್ಲೇ ಓದಿಸಲು ಸಾಧ್ಯವೇ, ಯೋಚಿಸಿ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಜಾಗವಿದೆಯೇ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. "ವಯಸ್ಸಿಗೆ ಬಂದ ಹುಡುಗಿನ ಹ್ಯಾಂಗ ಬಿಟ್ಟು ಹೋಗೂದು?" ಅನ್ನೋ ಅಳುಕು ಸಹಜ. ಒಮ್ಮೆ ನೀವೇ ಹೋಗಿ ವಾರ್ಡನ್‌ರನ್ನು ಮಾತಾಡಿಸಿ, ಕೋಣೆ ನೋಡಿ ಬನ್ನಿ.

ಹೋದ ಮೇಲೆ

* 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಸರ್ಕಾರಿ ಶಾಲೆಯವರು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಷದ ನಡುವೆ ಬಂದಿರಿ, ಟಿಸಿ ತಡ ಆಯ್ತು ಅಂತ ವಾಪಸ್ ಕಳಿಸುವ ಹಾಗಿಲ್ಲ. ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು.

* ಮುಂಬೈಗೆ ಹೋಗುವವರು ಪಾಲಿಕೆಯ ಕನ್ನಡ ಮಾಧ್ಯಮ ಶಾಲೆ ಹತ್ತಿರದಲ್ಲಿದೆಯೇ ಕೇಳಿ.

* ರಾತ್ರಿ ರೊಟ್ಟಿ ತಟ್ಟುವಾಗ "ಇವತ್ತು ಯಾರ ಜೊತೆ ಊಟ ಮಾಡ್ದಿ?" ಅಂತ ಕೇಳಿ. ದಿನವೂ "ಯಾರೂ ಇಲ್ಲ" ಅಂದರೆ ಶಿಕ್ಷಕಿಯ ಹತ್ತಿರ ಮಾತಾಡಿ.

* ಕೂಸು ನೋಡಿಕೊಳ್ಳಲು ಮಗಳನ್ನು ಮನೆಯಲ್ಲಿ ಬಿಡಬೇಡಿ. ಹತ್ತಿರದ ಅಂಗನವಾಡಿ ವಿಚಾರಿಸಿ.

* ಮದುವೆಯ ಒತ್ತಡ, ಕಿರುಕುಳ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಈ ಸಂಖ್ಯೆ ಮಗಳಿಗೂ ಗೊತ್ತಿರಲಿ.

"ನಮಗ ಓದಾಕ ಬರೂದಿಲ್ರಿ, ನಾವೇನು ಹೇಳಿಕೊಡೂದು?" ಅಂತ ಹಿಂಜರಿಯುವ ತಾಯಂದಿರೇ ಹೆಚ್ಚು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ಹೆಣ್ಣುಮಕ್ಕಳದ್ದು ಇನ್ನೂ ಕಡಿಮೆ. ಆದರೆ ಮೇಲಿನ ಯಾವ ಕೆಲಸಕ್ಕೂ ಅಕ್ಷರ ಬೇಕಿಲ್ಲ, ಕೇಳುವ ಧೈರ್ಯ ಬೇಕು ಅಷ್ಟೇ.

ಇನ್ನು ನಗರದ ಅಮ್ಮಂದಿರಿಗೊಂದು ಮಾತು. ನಿಮ್ಮ ಮಗುವಿನ ಕ್ಲಾಸಿಗೆ ಹೊಸ ಹುಡುಗಿ ಬಂದಿದ್ದಾಳಾ? ನಾಳೆ ಡಬ್ಬಿ ಕಟ್ಟುವಾಗ "ಅವಳ ಪಕ್ಕ ಕೂತ್ಕೋ ಪುಟ್ಟಾ" ಅಂತ ಹೇಳಿ ಕಳಿಸಿ. ಅವಳಿಗೆ ಆ ಶಾಲೆ ತನ್ನದು ಅನ್ನಿಸಲು ಇಷ್ಟೇ ಸಾಕಾಗಬಹುದು.