ವಿಮಾನ ನಿಲ್ದಾಣದ ಎರಡು ಸಾಲುಗಳು

ಬೇಡುವವರು ಹೆಚ್ಚಾಗಿ, ಕೊಡುವ ಕೈ ಕಡಿಮೆಯಾದಲ್ಲಿ ಸಾಲು ಹುಟ್ಟುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ನಮ್ಮ ಜನರು ಚೀಲಗಳನ್ನೇ ಸಾಲಾಗಿಟ್ಟು ತಾವು ಮರದ ನೆರಳಿಗೆ ಹೋಗಿ ಕುಳಿತುಕೊಳ್ಳುತ್ತಾರೆ. ಒಡೆಯನ ಸರದಿಯನ್ನು ಆ ಚೀಲವೇ ಕಾಯುತ್ತದೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಗಳು ಒಂದರ ಹಿಂದೊಂದು ನಿಲ್ಲುತ್ತವೆ. ಬಸ್ ನಿಲ್ದಾಣದಲ್ಲಿ ಮಾತ್ರ ಸಾಲಿಗೆ ಬದಲು ಟವಲಿನ ರಾಜ್ಯ: ಕಿಟಕಿಯಿಂದ ಯಾರ ಟವಲು ಮೊದಲು ಒಳಗೆ ಬಿದ್ದಿತೋ ಸೀಟು ಅವರದು. ಅಲ್ಲಿ ಬಲವುಳ್ಳವನು ಗೆಲ್ಲುತ್ತಾನೆ, ಮುದುಕರೂ ಕೂಸು ಹೊತ್ತ ತಾಯಂದಿರೂ ಸೋಲುತ್ತಾರೆ. ಇದನ್ನು ಕಂಡಾಗ ‘ಮೊದಲು ಬಂದವರಿಗೆ ಮೊದಲು’ ಎಂಬ ಸರಳ ನಿಯಮವು ಎಷ್ಟು ದೊಡ್ಡ ನಾಗರಿಕತೆ ಎಂಬುದು ತಿಳಿಯುತ್ತದೆ.

ಆದರೆ ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದವನ್ನು ವಿಮಾನ ನಿಲ್ದಾಣದಲ್ಲಿ ಕಾಣುತ್ತೇವೆ. ಅಲ್ಲಿ ಒಂದೇ ಕೆಲಸಕ್ಕೆ ಎರಡು ಸಾಲುಗಳಿವೆ. ಒಂದು ಉದ್ದವಾದದ್ದು, ಎಲ್ಲರದು. ಮತ್ತೊಂದು ಗಿಡ್ಡದ್ದು, ಆಯ್ದ ಕೆಲವರದು. ಈ ಎರಡನೆಯ ಸಾಲು ಎಂಥದು, ಅದು ಏಕೆ ಹುಟ್ಟಿತು, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಕರಿಘಟ್ಟದ ತಪ್ಪಲಿನ ನಮಗೆ ವಿಮಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಇಂದು ನಮ್ಮ ಊರುಗಳಿಂದಲೂ ಮಕ್ಕಳನ್ನು ನೋಡಲು ಪರದೇಶಕ್ಕೆ ಹೋಗುವ ತಂದೆತಾಯಿಗಳಿದ್ದಾರೆ, ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿದ್ದಾರೆ. ಆದ್ದರಿಂದ ಈ ಮಾತು ನಮಗೂ ಸಂಬಂಧಿಸಿದ್ದೇ.

ಮೊದಲು ಚೆಕ್-ಇನ್ ಎಂದರೇನೆಂದು ತಿಳಿಯೋಣ. ಪ್ರಯಾಣಿಕನು ವಿಮಾನ ಸಂಸ್ಥೆಯ ಕೌಂಟರಿಗೆ ಹೋಗಿ ಗುರುತಿನ ಪತ್ರ ತೋರಿಸಿ, ಪೆಟ್ಟಿಗೆಗಳನ್ನು ತೂಗಿಸಿ ಒಪ್ಪಿಸಿ, ಬೋರ್ಡಿಂಗ್ ಪಾಸ್ ಪಡೆಯುವ ಕ್ರಮಕ್ಕೆ ಆ ಹೆಸರು. ಕೌಂಟರು ನಿಗದಿತ ಹೊತ್ತಿಗೆ ಮುಚ್ಚಿಬಿಡುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲು. ಆದುದರಿಂದ ಇಲ್ಲಿ ಸಾಲಿನ ಉದ್ದವೆಂಬುದು ಬೇಸರದ ವಿಷಯ ಮಾತ್ರವಲ್ಲ, ಪ್ರಯಾಣವೇ ತಪ್ಪಿಹೋಗುವ ವಿಷಯ.

ಇದೇ ಕೌಂಟರುಗಳ ಒಂದು ಪಕ್ಕದಲ್ಲಿ ‘ಪ್ರಯಾರಿಟಿ’ ಎಂಬ ಫಲಕವಿರುತ್ತದೆ. ದುಬಾರಿ ದರ್ಜೆಯ ಟಿಕೆಟ್ ಕೊಂಡವರೂ, ಒಂದೇ ಸಂಸ್ಥೆಯ ವಿಮಾನಗಳಲ್ಲಿ ಪದೇಪದೇ ಹಾರಿ ‘ಗಣ್ಯ’ ಪದವಿ ಗಳಿಸಿದವರೂ ಅಲ್ಲಿ ನಿಲ್ಲಬಹುದು. ಏರ್ ಇಂಡಿಯಾ ಸಂಸ್ಥೆಯು 2014ರಲ್ಲಿ ಸ್ಟಾರ್ ಅಲಯನ್ಸ್ ಎಂಬ ಅಂತರರಾಷ್ಟ್ರೀಯ ಕೂಟವನ್ನು ಸೇರಿತು. ಆ ಕೂಟದ ‘ಗೋಲ್ಡ್’ ಪದವಿಯವರಿಗೆ ಬೇಗನೆ ಚೆಕ್-ಇನ್, ಬೇಗನೆ ವಿಮಾನ ಹತ್ತುವ ಅವಕಾಶ, ಹೆಚ್ಚು ಸಾಮಾನು ಒಯ್ಯುವ ಸೌಲಭ್ಯ, ವಿಶ್ರಾಂತಿಗೆ ಲಾಂಜ್ ಇವೆಲ್ಲ ದೊರೆಯುತ್ತವೆ. ಏರ್ ಇಂಡಿಯಾ ತನ್ನ ಈ ಯೋಜನೆಗೆ 2025ರಲ್ಲಿ ‘ಮಹಾರಾಜ ಕ್ಲಬ್’ ಎಂದು ಹೆಸರಿಟ್ಟಿತು. ಪದವಿಯಿಲ್ಲದವರಿಗೂ ಇಂಡಿಗೋದಂಥ ಸಂಸ್ಥೆಗಳು ಪ್ರತ್ಯೇಕ ಹಣ ಪಡೆದು ಮುಂಚೂಣಿಯ ಸ್ಥಾನವನ್ನು ಮಾರಿವೆ.

ಇದರ ಹುಟ್ಟು ಅಮೆರಿಕಾದಲ್ಲಿ. ಅಲ್ಲಿ 1978ರ ಕಾಯಿದೆಯೊಂದು ವಿಮಾನದ ದರ ಮತ್ತು ಮಾರ್ಗಗಳ ಮೇಲಿದ್ದ ಸರ್ಕಾರದ ಹಿಡಿತವನ್ನು ಸಡಿಲಿಸಿತು. ಸಂಸ್ಥೆಗಳ ನಡುವೆ ಪೈಪೋಟಿ ಬೆಳೆಯಿತು. ಒಮ್ಮೆ ಬಂದ ಗಿರಾಕಿಯನ್ನು ಬಿಡದೆ ಹಿಡಿದಿಡುವ ಉಪಾಯವಾಗಿ ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ, ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆಯನ್ನು ತೆರೆಯಿತು. ನಮ್ಮ ದೇಶದಲ್ಲಿ 1953ರಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣವಾಗಿದ್ದವು. ಆ ಕಾಯಿದೆ 1994ರಲ್ಲಿ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಇಲ್ಲಿಯೂ ಅದೇ ಪೈಪೋಟಿ, ಅದೇ ಉಪಾಯ.

ಇದರ ಅರ್ಥಶಾಸ್ತ್ರವು ಸ್ವಾರಸ್ಯವಾಗಿದೆ. ಖಾಲಿ ಹೋದ ಸೀಟು ಕೊಳೆತ ಟೊಮೇಟೊ ಹಣ್ಣಿನಂತೆ: ವಿಮಾನ ಮೇಲೆದ್ದ ಮರುಕ್ಷಣದಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಆದುದರಿಂದ ವಾರವಾರವೂ ತಪ್ಪದೆ ಬರುವ ಗಿರಾಕಿ ಸಂಸ್ಥೆಗೆ ಅಮೂಲ್ಯ. ಇಂಥ ಗಿರಾಕಿ ಬಹುಮಟ್ಟಿಗೆ ಕಂಪನಿಯ ಕೆಲಸದ ಮೇಲೆ ಓಡಾಡುವವನು. ಟಿಕೆಟ್ಟಿನ ಹಣ ಕಂಪನಿಯದು, ಪದವಿ ಮಾತ್ರ ಅವನದು! ಅಗ್ಗದ ವಿಮಾನವನ್ನು ಹುಡುಕುವ ಗೋಜಿಗೆ ಅವನು ಹೋಗುವುದಿಲ್ಲ, ಪದವಿ ಉಳಿಸುವ ವಿಮಾನವನ್ನೇ ಹಿಡಿಯುತ್ತಾನೆ. ಕ್ರಮೇಣ ಮೈಲಿಯ ಲೆಕ್ಕವೂ ಬದಲಾಯಿತು. ಅಮೆರಿಕಾದ ದೊಡ್ಡ ಸಂಸ್ಥೆಗಳು 2015 ಮತ್ತು 2016ರಲ್ಲಿ ದೂರದ ಬದಲು ಖರ್ಚುಮಾಡಿದ ಹಣಕ್ಕೆ ತಕ್ಕಂತೆ ಬಹುಮಾನ ಕೊಡತೊಡಗಿದವು. ಹೆಚ್ಚು ಹಾರಿದವನು ಎಂಬ ಹೆಸರು ಉಳಿಯಿತು, ಹೆಚ್ಚು ಕೊಟ್ಟವನು ಎಂಬ ಅರ್ಥ ಒಳಗೆ ಸೇರಿತು.

ಸಂಸ್ಥೆಗೆ ಲಾಭ, ಗಣ್ಯನಿಗೂ ಲಾಭ. ಹಾಗಾದರೆ ನಷ್ಟ ಯಾರಿಗೆ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಕೋಪನ್‌ಹೇಗನ್ನಿನ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞರು ದೂರವಾಣಿ ಕರೆಗಳ ಬಗೆಗೆ 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಸಾಲುಗಳ ಗಣಿತಶಾಸ್ತ್ರ ಪ್ರಾರಂಭವಾಯಿತೆನ್ನುತ್ತಾರೆ. ಆ ಶಾಸ್ತ್ರದ ಆಳಕ್ಕಿಳಿಯದೆ ಬೆರಳೆಣಿಕೆಯಲ್ಲೇ ನೋಡೋಣ.

ಒಂದು ಕೌಂಟರಿದೆ, 20 ಜನ ನಿಂತಿದ್ದಾರೆ, ಒಬ್ಬೊಬ್ಬರಿಗೆ 3 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಈಗ ಬಂದ ಗಣ್ಯನು ಕೊನೆಯಲ್ಲಿ ನಿಂತರೆ 60 ನಿಮಿಷ ಕಾಯಬೇಕು. ಅವನನ್ನು ಮುಂದಕ್ಕೆ ಕರೆದರೆ ಅವನಿಗೆ 60 ನಿಮಿಷ ಉಳಿಯಿತು. ಉಳಿದ 20 ಜನರಲ್ಲಿ ಪ್ರತಿಯೊಬ್ಬರೂ 3 ನಿಮಿಷ ಹೆಚ್ಚು ಕಾದರು. ಒಟ್ಟು ಮಾಡಿದರೆ ಅದೂ 60 ನಿಮಿಷವೇ! ಒಂದು ನಿಮಿಷವೂ ಹೊಸದಾಗಿ ಹುಟ್ಟಲಿಲ್ಲ. ಒಬ್ಬನಿಗೆ ದೊರೆತದ್ದನ್ನು ಇಪ್ಪತ್ತು ಜನ ಚೂರುಚೂರಾಗಿ ಕೊಟ್ಟರು. ಚೂರು ಸಣ್ಣದಾದುದರಿಂದ ಕೊಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ, ಅಷ್ಟೆ.

ಪ್ರತ್ಯೇಕ ಕೌಂಟರೇ ಇದ್ದರೆ? ನಾಲ್ಕು ಕೌಂಟರುಗಳೂ ಎಲ್ಲರಿಗೂ ತೆರೆದಿದ್ದರೆ 60 ಜನರ ಕೆಲಸ 45 ನಿಮಿಷದಲ್ಲಿ ಮುಗಿಯುತ್ತದೆ. ಒಂದನ್ನು ಬರಲಿರುವ ಗಣ್ಯರಿಗೆಂದು ಖಾಲಿಯಿಟ್ಟರೆ ಮೂರರಲ್ಲಿ 60 ನಿಮಿಷ ಬೇಕು. ಆ ಖಾಲಿ ಕೌಂಟರಿನ ಗುಮಾಸ್ತರು ಬಿಡುವಿದ್ದಾಗ ಉದ್ದ ಸಾಲಿನವರನ್ನು ‘ಇತ್ತ ಬನ್ನಿ’ ಎಂದು ಕರೆದರೆ ನಷ್ಟ ಬಹುಪಾಲು ತಪ್ಪುತ್ತದೆ. ಹಾಗೆ ಕರೆಯುವ ಒಳ್ಳೆಯ ಪದ್ಧತಿಯೂ ಉಂಟು. ಗಣ್ಯರ ಹಣದಿಂದಲೇ ಒಂದು ಹೆಚ್ಚಿನ ಕೌಂಟರು ತೆರೆದಿದ್ದರಂತೂ ಯಾರಿಗೂ ತೊಂದರೆಯಿಲ್ಲ.

ನಮ್ಮ ಸೀಮೆಯವರಿಗೆ ಈ ಲೆಕ್ಕ ಹೊಸತೇನೂ ಅಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟುಪದ್ಧತಿಯಂತೆ ನೀರು ಬಿಟ್ಟಾಗ ಮೇಲ್ಭಾಗದವರು ಹೆಚ್ಚು ತಿರುಗಿಸಿಕೊಂಡರೆ ನಾಲೆಯ ನೀರೇನೂ ಹೆಚ್ಚುವುದಿಲ್ಲ, ಕೊನೆಯ ಭಾಗದ ಗದ್ದೆ ಒಣಗುತ್ತದೆ. ಸಾಲಿನಲ್ಲಿ ಹರಿಯುವ ಕಾಲವೂ ನಾಲೆಯ ನೀರಿನಂತೆಯೇ.

ಹೀಗೆಂದ ಮಾತ್ರಕ್ಕೆ ಹಣಕೊಟ್ಟವರಿಗೆ ಸಿಗುವ ಸೌಲಭ್ಯಗಳೆಲ್ಲ ಅನ್ಯಾಯವೆಂದು ಹೇಳಲಾಗದು. ಕರಿಘಟ್ಟದ ವೆಂಕಟರಮಣಸ್ವಾಮಿಯ ದರ್ಶನಕ್ಕೆ ಎರಡು ದಾರಿಗಳಿವೆ: ಮೆಟ್ಟಿಲ ದಾರಿ ಒಂದು, ವಾಹನದ ರಸ್ತೆ ಒಂದು. ಕಾರಿನಲ್ಲಿ ಹೋದವರು ಮೊದಲು ಮೇಲೆ ಮುಟ್ಟುತ್ತಾರೆ, ನಿಜ. ಆದರೆ ಅದರಿಂದ ಮೆಟ್ಟಿಲು ಹತ್ತುವವರಿಗೆ ಒಂದು ಮೆಟ್ಟಿಲೂ ಹೆಚ್ಚಾಗುವುದಿಲ್ಲ. ವಿಮಾನ ನಿಲ್ದಾಣದ ಲಾಂಜ್, ಅಲ್ಲಿನ ಊಟ, ಅಗಲವಾದ ಸೀಟು ಇವೆಲ್ಲ ಈ ಕಾರಿನಂಥವು. ಅವು ಇತರರ ಕಾಲವನ್ನು ಕೀಳುವುದಿಲ್ಲ. ಸಾಲಿನಲ್ಲಿ ಮುಂದೆ ನಿಲ್ಲುವ ಹಕ್ಕು ಮಾತ್ರ ಬೇರೆಯ ಜಾತಿಯದು. ಅದು ಪಕ್ಕದವನಿಂದ ಪಡೆದೇ ದೊರೆಯತಕ್ಕದ್ದು. ಈ ಭೇದವನ್ನು ಮರೆತು ಎರಡನ್ನೂ ‘ಸೌಲಭ್ಯ’ ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಗೊಂದಲವಾಗುವುದು.

ಸಾಲನ್ನೂ ದರ್ಜೆಯನ್ನೂ ಪೂರ್ತಿ ತೆಗೆದುಹಾಕಿದರೆ ಸಮಾನತೆ ಬರುವುದೆ? ಅದೂ ಸಂದೇಹ. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಪ್ರಾರಂಭಿಸಿದ ಏರ್ ಡೆಕ್ಕನ್ ವಿಮಾನಗಳಲ್ಲಿ ಒಂದೇ ದರ್ಜೆ. ಬಸ್ಸು ರೈಲುಗಳನ್ನು ಮಾತ್ರ ಕಂಡಿದ್ದವರನ್ನು ಆಕಾಶಕ್ಕೇರಿಸಿದ ಕೀರ್ತಿ ಅದರದು. ಆದರೆ ಅಲ್ಲಿ ಸೀಟಿಗೆ ಸಂಖ್ಯೆಯಿಲ್ಲದಿದ್ದುದರಿಂದ ಜನರು ವಿಮಾನದತ್ತ ಓಡುತ್ತಿದ್ದರು. ಟವಲಿನ ರಾಜ್ಯವೇ ಅಲ್ಲಿಗೂ ಬಂದಿತ್ತು! ಆದ್ದರಿಂದ ಮುಂದಾಗಿ ಯಾರನ್ನು ಬಿಡಬೇಕೆಂಬ ನಿಯಮವೇ ಬೇಡವೆನ್ನಲಾಗದು. ಯಾವ ಕಾರಣಕ್ಕೆ ಬಿಡಬೇಕೆಂಬುದೇ ಪ್ರಶ್ನೆ.

ಕಾರಣಗಳು ಮೂರು ಬಗೆಯವು. ಮೊದಲನೆಯದು ಅಗತ್ಯ: ಮುದುಕರು, ಅಂಗವಿಕಲರು, ಗರ್ಭಿಣಿಯರು. ಎರಡನೆಯದು ಅವಸರ: ವಿಮಾನ ಹೊರಡುವ ಹೊತ್ತಾದವರನ್ನು ಕೌಂಟರಿನವರೇ ಕೂಗಿ ಮುಂದಕ್ಕೆ ಕರೆಯುವುದುಂಟು. ಮೂರನೆಯದು ಹಣ. ಮೊದಲ ಎರಡಕ್ಕೆ ಸಾಲಿನಲ್ಲಿ ನಿಂತವರ ಮನಸ್ಸು ತಾನಾಗಿ ಒಪ್ಪುತ್ತದೆ, ಏಕೆಂದರೆ ನಾಳೆ ತಮಗೂ ಆ ಸ್ಥಿತಿ ಬರಬಹುದು. ಮೂರನೆಯದಕ್ಕೆ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಹಣದ ಸಾಲು ವಿಮಾನ ನಿಲ್ದಾಣವನ್ನು ದಾಟಿ ಹೊರಗೂ ಬಂದಿದೆ. ತಿರುಮಲೆಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ಮೈಸೂರು ದಸರೆಗೆ ಗೋಲ್ಡ್ ಕಾರ್ಡ್ ಬಂದಿದೆ. ಬ್ರಿಟನ್ನಿನ ಕೆಲವು ನಿಲ್ದಾಣಗಳಲ್ಲಿ ಭದ್ರತಾ ತಪಾಸಣೆಯ ಬೇಗನೆಯ ಸಾಲನ್ನೂ ಹಣಕ್ಕೆ ಮಾರುತ್ತಾರೆ. ಇದಕ್ಕೆ ಪ್ರತಿಯಾಗಿ ನಮ್ಮ ಸರ್ಕಾರ ತೋರಿದ ದಾರಿಯೂ ಒಂದಿದೆ. 2017ರ ಮೇ 1ರಿಂದ ಮಂತ್ರಿಗಳ ಮತ್ತು ಅಧಿಕಾರಿಗಳ ಕಾರಿನ ಕೆಂಪು ದೀಪ ಹೋಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳ ದೀಪ ಮಾತ್ರ ಉಳಿಯಿತು. ರಸ್ತೆಯಲ್ಲಿ ಮುಂದಾಗಿ ಹೋಗುವುದಕ್ಕೆ ಅಗತ್ಯವೇ ಯೋಗ್ಯತೆ ಎಂಬುದು ಅದರ ತಾತ್ಪರ್ಯ.

ಮೊದಲ ಸಲ ಹಾರುವವರ ಕಷ್ಟವೇ ಬೇರೆ. ನಮ್ಮ ಸೋದರಮಾವನವರು ಮಗನನ್ನು ನೋಡಲು ಹೊರಟಾಗ, ಜನವಿಲ್ಲದ ಸಾಲೊಂದನ್ನು ಕಂಡು ಸಂತೋಷದಿಂದ ಅಲ್ಲಿ ನಿಂತರಂತೆ. ಇಂಗ್ಲಿಷ್ ಫಲಕ ಅವರಿಗೆ ತಿಳಿಯಲಿಲ್ಲ. ಸರದಿ ಬಂದಾಗ ‘ಇದು ನಿಮ್ಮದಲ್ಲ’ ಎಂದು ಹಿಂದಕ್ಕೆ ಕಳಿಸಿದರು. ಅಷ್ಟರಲ್ಲಿ ಆ ಉದ್ದ ಸಾಲು ಇಮ್ಮಡಿಯಾಗಿತ್ತು. ‘ಕಾಯೋದಕ್ಕೆ ಬೇಜಾರಿಲ್ಲ ಕಣಪ್ಪ, ಎಲ್ಲರ ಮುಂದೆ ಎಬ್ಬಿಸಿ ಕಳಿಸಿದಂಗಾಯ್ತಲ್ಲ’ ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಊಟದ ಪಂಕ್ತಿಯಿಂದ ಎಬ್ಬಿಸುವುದು ಎಂಥ ಅವಮಾನವೆಂದು ನಮ್ಮ ಹಳ್ಳಿಯವರಿಗೆ ಗೊತ್ತು.

ಇಂಥವರ ಉಪಯೋಗಕ್ಕಾಗಿ ಕೆಲವು ಸಂಗತಿಗಳನ್ನು ಹೇಳುವುದು ಉಚಿತ. ಮನೆಯಲ್ಲಿಯೇ ಮೊಬೈಲಿನಿಂದ ವೆಬ್ ಚೆಕ್-ಇನ್ ಮಾಡಿಕೊಂಡರೆ ಸಾಮಾನು ಒಪ್ಪಿಸುವ ಕೆಲಸ ಮಾತ್ರ ಉಳಿಯುತ್ತದೆ. ಅದು ತಿಳಿಯದವರು ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೇಳಿದರೆ ಅದಕ್ಕೆ ಪ್ರತ್ಯೇಕ ಹಣ ವಸೂಲು ಮಾಡಕೂಡದೆಂದು ಕೇಂದ್ರ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ತಿಳಿಸಿತು. ನಡೆಯಲಾರದವರು 48 ಗಂಟೆ ಮುಂಚಿತವಾಗಿ ತಿಳಿಸಿದರೆ ಗಾಲಿಕುರ್ಚಿಯ ನೆರವು ದೊರೆಯುತ್ತದೆ. ಇದು ಗಣ್ಯರಿಗೆ ಕೊಡುವ ಉಡುಗೊರೆಯಲ್ಲ, ಅಗತ್ಯವುಳ್ಳವರಿಗೆ ಸಲ್ಲಬೇಕಾದದ್ದು. ಕೇಳಿ ಪಡೆಯಲು ಸಂಕೋಚ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಸಾಲು ಯಾರದೆಂದು ನಿಲ್ಲುವ ಮೊದಲೇ ವಿಚಾರಿಸುವುದು ಕ್ಷೇಮ. ಸಂಸ್ಥೆಗಳೂ ಅದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಸಿದರೆ ಬಹಳ ಉಪಕಾರವಾಗುತ್ತದೆ.

ವಿಮಾನ ಸಂಸ್ಥೆ ವ್ಯಾಪಾರದ ಸಂಸ್ಥೆ. ಅದು ತನ್ನ ಕೌಂಟರಿನಲ್ಲಿ ಗಿರಾಕಿಗಳನ್ನು ವಿಂಗಡಿಸಿದರೆ ತಡೆಯುವುದು ಕಷ್ಟ. ಬಿಡುವಾದ ಕೈ ಎಲ್ಲರಿಗೂ ದುಡಿಯಲಿ ಎಂದಷ್ಟು ಕೇಳಬಹುದು. ಆದರೆ ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ನಾಲೆಯ ತೂಬು ಇವು ವ್ಯಾಪಾರದ ಕೌಂಟರುಗಳಲ್ಲ. ಅಲ್ಲಿ ಹಣದ ಸಾಲು ಹುಟ್ಟದಂತೆ ಕಾಯುವುದು ವಿದ್ಯಾವಂತರ ಕರ್ತವ್ಯ. ನಮ್ಮ ಮನೆಗಳಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲೇರಿದ ನಮ್ಮಲ್ಲಿ ಕೆಲವರಿಗೆ ಮುಂದೊಂದು ದಿನ ಆ ಚಿನ್ನದ ಬಣ್ಣದ ಕಾರ್ಡೂ ದೊರೆಯಬಹುದು. ದೊರೆಯಲಿ, ಸಂತೋಷವೇ. ಆಗ ಗಿಡ್ಡ ಸಾಲಿನಲ್ಲಿ ನಿಂತವರು ಪಕ್ಕದ ಉದ್ದ ಸಾಲಿನತ್ತ ಒಮ್ಮೆ ತಿರುಗಿ ನೋಡಲಿ. ತಮಗೆ ಉಳಿದ ನಿಮಿಷಗಳು ಎಲ್ಲಿಂದ ಬಂದುವೆಂಬುದು ಅಲ್ಲಿ ಕಾಣುತ್ತದೆ.